ಕುಲ ಒಂದೇ, ಸರ್ಟಿಫಿಕೇಟು ಎರಡು: ಅಧಿಕಾರಿ ಕುರ್ಚಿಗಾಗಿ ನೂರು ವರ್ಷದ ಪೈಪೋಟಿ

ಹಿಂದೂಪುರ: ಕಲ್ಯಾಣದುರ್ಗ ಕಡೆಯ ಕುಂದುರ್ಪಿ ಮಂಡಲದ ಒಂದು ಊರಿನಲ್ಲಿ ಬೋಯ ಕುಲದ ಹುಡುಗಿಯೊಬ್ಬಳು ಡಿಗ್ರಿ ಮುಗಿಸಿ ಗ್ರೂಪ್-1 ಪರೀಕ್ಷೆಗೆ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಅವಳ ಸೋದರಮಾವನ ಮಗ ಗಡಿಯಾಚೆ ಪಾವಗಡ ತಾಲ್ಲೂಕಿನವನು. ಅವನು ಓದುತ್ತಿರುವುದು ಬೆಂಗಳೂರಿನಲ್ಲಿ, ಕೆ.ಎ.ಎಸ್. ಪರೀಕ್ಷೆಗೆ. ಇಬ್ಬರ ಮನೆಯಲ್ಲೂ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಜಾತ್ರೆ ಒಂದೇ, ಮದುವೆಯ ಶಾಸ್ತ್ರ ಒಂದೇ, ಹೊಲದಲ್ಲಿ ಹಾಕುವ ಕಡಲೆಕಾಯಿಯೂ ಒಂದೇ. ಆದರೆ ಹುಡುಗಿಯ ಸರ್ಟಿಫಿಕೇಟಿನಲ್ಲಿ ಬಿ.ಸಿ.-ಎ ಎಂದಿರುತ್ತದೆ. ಹುಡುಗನದರಲ್ಲಿ ಪರಿಶಿಷ್ಟ ಪಂಗಡ ಎಂದಿರುತ್ತದೆ. ಮಾವನ ಮನೆಗೂ ಅತ್ತೆಯ ಮನೆಗೂ ನಡುವೆ ಇರುವುದು ನಾಲ್ಕಾರು ಮೈಲಿ, ಒಂದು ಗಡಿ ಕಲ್ಲು.

ಇದು ಹೇಗಾಯಿತು ಎಂದು ಗಡಿ ಹಳ್ಳಿಗಳಲ್ಲಿ ಆಗಾಗ ಮಾತು ಬರುತ್ತದೆ. ರಾಜಕೀಯ ಎಂದು ಒಬ್ಬರು, ತಹಶೀಲ್ದಾರರ ತಪ್ಪು ಎಂದು ಇನ್ನೊಬ್ಬರು ಹೇಳಿ ಮುಗಿಸುತ್ತಾರೆ. ತಹಶೀಲ್ದಾರರ ತಪ್ಪು ಇದರಲ್ಲಿ ಏನೂ ಇಲ್ಲ. ಇದರ ಬೇರು ಹುಡುಕಬೇಕಾದರೆ ನೂರು ವರ್ಷ ಹಿಂದಕ್ಕೆ, ಮೈಸೂರು ಮತ್ತು ಮದರಾಸಿಗೆ ಹೋಗಬೇಕು. ಸರ್ಕಾರದ ದೊಡ್ಡ ಹುದ್ದೆಗಳೆಂಬ ಆಯ್ದವರ ಸಾಲಿನಲ್ಲಿ ಯಾವ ಜಾತಿಯವರು ಕೂರಬೇಕು ಎಂಬ ಜಗಳ ಈ ದೇಶದಲ್ಲಿ ಮೊದಲು ಜೋರಾಗಿ ಎದ್ದ ಜಾಗಗಳಲ್ಲಿ ಇವೆರಡೂ ಸೇರಿವೆ. ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗ, ರಾಯದುರ್ಗ ಆಗ ಮದರಾಸು ಪ್ರಾಂತದಲ್ಲಿದ್ದವು. ಗೌರಿಬಿದನೂರು, ಮಧುಗಿರಿ, ಪಾವಗಡ ಮೈಸೂರು ಮಹಾರಾಜರವು. ಎರಡೂ ಕಡೆಯ ಬಿಸಿ ತಾಗಿದ್ದು ನಡುವೆ ಇದ್ದ ಈ ಊರುಗಳಿಗೆ.

ಆಕಾಶದಲ್ಲೂ ಮೂರು ಜಾತಿ

ಅದಕ್ಕೆ ಮೊದಲು ಒಂದು ಟಿ.ವಿ. ಕಥೆ. ಜಾತಿ ಪೈಪೋಟಿ ನಮ್ಮಲ್ಲಿ ಮಾತ್ರ, ಹೊರದೇಶದವರಿಗೆ ಇದರ ಗಂಧಗಾಳಿ ಇಲ್ಲ ಎನ್ನುವವರಿದ್ದಾರೆ. ಅಮೆರಿಕದಲ್ಲಿ 1993ರಲ್ಲಿ ಮೊದಲ ಚಿತ್ರವಾಗಿ ಬಂದು, 1994ರಿಂದ 1998ರವರೆಗೆ ಐದು ಕಂತುಮಾಲೆಗಳಲ್ಲಿ ಪ್ರಸಾರವಾದ 'ಬ್ಯಾಬಿಲಾನ್ 5' ಎಂಬ ವಿಜ್ಞಾನ ಕಲ್ಪನೆಯ ಧಾರಾವಾಹಿ ಅವರು ನೋಡಬೇಕಾದದ್ದು. ಇದನ್ನು ಸೃಷ್ಟಿಸಿ, ಹೆಚ್ಚಿನ ಕಂತುಗಳನ್ನು ತಾವೇ ಬರೆದವರು ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿ. ಕಥೆ ನಡೆಯುವುದು 23ನೇ ಶತಮಾನದಲ್ಲಿ, ಅಂತರಿಕ್ಷದ ಒಂದು ನಿಲ್ದಾಣದಲ್ಲಿ.

ಅದರಲ್ಲಿ ಮಿನ್ಬಾರಿ ಎಂಬ ಜನಾಂಗ ಬರುತ್ತದೆ. ಅವರಲ್ಲಿ ಮೂರು ಜಾತಿ. ಪೂಜೆ, ಶಾಸ್ತ್ರ, ರಾಯಭಾರದ ಧಾರ್ಮಿಕರು, ಯುದ್ಧದ ಯೋಧರು, ಮನೆ ಕಟ್ಟುವ, ಹಡಗು ಕಟ್ಟುವ ಕೆಲಸಗಾರರು. ಇವರನ್ನು ಆಳುವುದು ಒಂಬತ್ತು ಮಂದಿಯ ಪರಿಷತ್ತು, ಜಾತಿಗೆ ಮೂರರಂತೆ. ನಮ್ಮ ರೋಸ್ಟರ್ ಪದ್ಧತಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಲ್ಲದೆ ಅವರಲ್ಲಿ ರೇಂಜರ್ಸ್ ಎಂಬ ಒಂದು ಆಯ್ದ ಪಡೆ ಇದೆ. ಸಾವಿರ ವರ್ಷದ ಹಿಂದೆ ವೇಲನ್ ಎಂಬ ಮಹಾಪುರುಷ ಕಟ್ಟಿದ್ದು. ಅದಕ್ಕೆ ಸೇರಲು ಕಠಿಣ ತರಬೇತಿ ಬೇಕು. ಕಥೆಯ ಕಾಲಕ್ಕೆ ಬರುವಾಗ ಮನುಷ್ಯರನ್ನೂ ಅದಕ್ಕೆ ಸೇರಿಸಿಕೊಳ್ಳುತ್ತಾರೆ. 1996ರ ಒಂದು ಕಂತಿನಲ್ಲಿ ಈ ಪಡೆಯ ನಾಯಕನ ಜಾಗ ಖಾಲಿಯಾಗಿ, ಧಾರ್ಮಿಕ ಜಾತಿಯ ಡೆಲೆನ್ ಎಂಬ ಹೆಣ್ಣುಮಗಳಿಗೆ ಅದು ಹೋಗುವುದೆಂದು ತೀರ್ಮಾನವಾಗುತ್ತದೆ. ಆಗ ಯೋಧ ಜಾತಿಯ ನೆರೂನ್ ಎದ್ದು ನಿಲ್ಲುತ್ತಾನೆ. ಯುದ್ಧ ಮಾಡುವ ಪಡೆ ಯೋಧರದು, ಪೂಜೆಯವರಿಗೆ ಅದರ ನಾಯಕತ್ವ ಯಾಕೆ ಎಂಬುದು ಅವನ ವಾದ. ಕೇಳಲು ನ್ಯಾಯವಾಗಿಯೇ ಇದೆ. ಅವನನ್ನು ತಡೆಯುವವನು ಮಾತ್ರ ಮೂರು ಜಾತಿಗೂ ಸೇರದ ಮನುಷ್ಯ, ಮಾರ್ಕಸ್ ಕೋಲ್ ಎಂಬ ರೇಂಜರ್. ಇಬ್ಬರಿಗೂ ಸಾಯುವವರೆಗಿನ ಕಾಳಗವಾಗುತ್ತದೆ. ಮಾರ್ಕಸ್ ಸೋಲುತ್ತಾನೆ. ಆದರೆ ತನ್ನ ಜನಾಂಗದ ಒಬ್ಬಳಿಗಾಗಿ ಪರರ ಹುಡುಗ ಪ್ರಾಣ ಕೊಡಲು ಸಿದ್ಧನಾದದ್ದು ಕಂಡು ನೆರೂನ್ ಹಿಂದೆ ಸರಿಯುತ್ತಾನೆ.

ಜಗಳ ಅಲ್ಲಿಗೆ ನಿಲ್ಲುವುದಿಲ್ಲ. 1997ರ ಕಂತುಗಳಲ್ಲಿ ಯೋಧರಿಗೂ ಧಾರ್ಮಿಕರಿಗೂ ಒಳಯುದ್ಧ ಹತ್ತಿಕೊಳ್ಳುತ್ತದೆ. ಕೊನೆಗೆ ಡೆಲೆನ್ ಹಳೆಯ ಪದ್ಧತಿಯಂತೆ ಬೆಂಕಿಯ ಚಕ್ರದೊಳಗೆ ನಿಂತು ಯೋಧರ ಮುಖಂಡನನ್ನೂ ಒಳಕ್ಕೆ ಕರೆಯುತ್ತಾಳೆ. ಅವನು ಬಿಸಿ ತಡೆಯದೆ ಹೊರಬರುತ್ತಾನೆ. ಸಾಯಲಿದ್ದ ಡೆಲೆನ್‌ಳನ್ನು ಹೊರಕ್ಕೆ ತಳ್ಳಿ ತಾನು ಸಾಯುವವನು ಅದೇ ನೆರೂನ್. ಆಮೇಲೆ ಅವಳು ಪರಿಷತ್ತನ್ನು ಹೊಸದಾಗಿ ಕಟ್ಟುತ್ತಾಳೆ. ಈ ಸಲ ಜಾತಿಗೆ ಮೂರಲ್ಲ. ಧಾರ್ಮಿಕರಿಗೆ ಎರಡು, ಯೋಧರಿಗೆ ಎರಡು, ಇಬ್ಬರ ಜಗಳದಲ್ಲಿ ಮನೆಮಾರು ಕಳೆದುಕೊಂಡ ಕೆಲಸಗಾರರಿಗೆ ಐದು.

ಎರಡು, ಎರಡು, ಐದು. ಈ ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಮದರಾಸಿನ ಮಾತು ಬಂದಾಗ ಉಪಯೋಗಕ್ಕೆ ಬರುತ್ತದೆ.

ಮೈಸೂರಿನಲ್ಲಿ ನಡೆದದ್ದು

1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದರು. ರಂಗಾಚಾರ್ಲು ದಿವಾನರಾದರು. ಅವರ ನಂತರ 1883ರಿಂದ 1901ರವರೆಗೆ ಕೆ. ಶೇಷಾದ್ರಿ ಅಯ್ಯರ್. ಇಬ್ಬರೂ ಮದರಾಸು ಕಡೆಯಿಂದ ಬಂದವರು. ಶೇಷಾದ್ರಿ ಅಯ್ಯರ್ ಕಾಲದಲ್ಲಿಯೇ, 1891ರಲ್ಲಿ, ಮೈಸೂರು ಸಿವಿಲ್ ಸರ್ವೀಸಿಗೆ ಪೈಪೋಟಿ ಪರೀಕ್ಷೆ ಶುರುವಾಯಿತು. ಜನರ ಬಾಯಲ್ಲಿ ಎಂ.ಸಿ.ಎಸ್. ಇದರಲ್ಲಿ ಪಾಸಾದ ಹುಡುಗ ಪ್ರೊಬೇಷನರಿ ಅಸಿಸ್ಟೆಂಟ್ ಕಮಿಷನರ್ ಆಗುತ್ತಿದ್ದ. ಅಮಲ್ದಾರರು ಅವನೆದುರು ಕೈಕಟ್ಟಿ ನಿಲ್ಲುತ್ತಿದ್ದರು. ಸಂಸ್ಥಾನದಲ್ಲಿ ಓದಿದ ಹುಡುಗರಿಗೆ ಇದಕ್ಕಿಂತ ದೊಡ್ಡ ಕನಸು ಇರಲಿಲ್ಲ. ಕನ್ನಡದ ಸಣ್ಣಕಥೆಗಳ ಜನಕ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಈ ಪರೀಕ್ಷೆಯಲ್ಲಿ ಗೆದ್ದು ಬಂದ ಅಧಿಕಾರಿಯೇ.

ಮೊದಲ ಜಗಳ ಬ್ರಾಹ್ಮಣ ಮತ್ತು ಬ್ರಾಹ್ಮಣೇತರರ ನಡುವಿನದಲ್ಲ ಎಂಬುದನ್ನು ಇಂದು ಹಲವರು ಮರೆತಿದ್ದಾರೆ. ಅದು ಮೈಸೂರಿನ ಬ್ರಾಹ್ಮಣರಿಗೂ ಮದರಾಸಿನ ಬ್ರಾಹ್ಮಣರಿಗೂ ನಡೆದದ್ದು. ದಿವಾನರು ತಮ್ಮ ಕಡೆಯವರನ್ನು ತಂದು ತುಂಬುತ್ತಿದ್ದಾರೆ ಎಂದು ಇಲ್ಲಿಯವರ ದೂರು. ಮೈಸೂರು ಮೈಸೂರಿನವರಿಗೆ ಎಂಬ ಕೂಗು ಎದ್ದದ್ದು ಆಗ. ಪರೀಕ್ಷೆ ಬಂದದ್ದರಿಂದ ಇಲ್ಲಿಯ ಹುಡುಗರಿಗೂ ದಾರಿಯಾಯಿತು, ಜಗಳ ಸ್ವಲ್ಪ ತಣ್ಣಗಾಯಿತು. ಆದರೆ ಪರೀಕ್ಷೆಯ ಫಲಿತಾಂಶ ವರ್ಷವರ್ಷವೂ ಬರುತ್ತಾ ಹೋದಂತೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳತೊಡಗಿತು. ಸಂಸ್ಥಾನದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ ಇದ್ದ ಬ್ರಾಹ್ಮಣರು ದೊಡ್ಡ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದ್ದರು.

ಇದರಲ್ಲಿ ಮೋಸವೇನೂ ಇರಲಿಲ್ಲ. ಪರೀಕ್ಷೆ ಎಲ್ಲರಿಗೂ ಒಂದೇ. ಆದರೆ ಪರೀಕ್ಷೆ ಬರೆಯಲು ಇಂಗ್ಲಿಷ್ ಬೇಕು, ಇಂಗ್ಲಿಷಿಗೆ ಹೈಸ್ಕೂಲು ಬೇಕು, ಹೈಸ್ಕೂಲು ಇದ್ದದ್ದು ಪೇಟೆಯಲ್ಲಿ. ಶಾನುಭೋಗಿಕೆಯ ಮನೆಗಳಲ್ಲಿ ಓದುಬರಹ ತಲೆತಲಾಂತರದಿಂದ ಇತ್ತು. ನೇಗಿಲು ಹಿಡಿದವನ ಮನೆಯಲ್ಲಿ, ಕುರಿ ಕಾಯುವವನ ಮನೆಯಲ್ಲಿ ಮೊದಲ ಅಕ್ಷರ ಕಲಿಯುವ ಹುಡುಗ ಆ ಪರೀಕ್ಷೆಯ ಹೊಸ್ತಿಲಿಗೆ ಬರಲು ಎರಡು ತಲೆಮಾರು ಬೇಕಾಗಿತ್ತು.

ದೊಡ್ಡ ಸಮುದಾಯಗಳು ಸುಮ್ಮನೆ ಕೂರಲಿಲ್ಲ. ಲಿಂಗಾಯತರು 1905ರಲ್ಲಿ ವಿದ್ಯಾನಿಧಿಯ ಸಂಘ ಕಟ್ಟಿಕೊಂಡರು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಹಾಸ್ಟೆಲು, ಸ್ಕಾಲರ್‌ಶಿಪ್ಪು, ಪತ್ರಿಕೆ ಒಂದೊಂದಾಗಿ ಬಂದವು. 1917ರಲ್ಲಿ ಇವರೆಲ್ಲ ಸೇರಿ, ಮುಸ್ಲಿಮರನ್ನೂ ಜೊತೆಗೂಡಿಸಿಕೊಂಡು ಪ್ರಜಾಮಿತ್ರ ಮಂಡಳಿ ಎಂಬ ಪಕ್ಷ ಮಾಡಿಕೊಂಡರು. ಮೈಸೂರಿನ ಮೊದಲ ರಾಜಕೀಯ ಪಕ್ಷ ಇದೇ ಎನ್ನಬಹುದು.

ಇದಕ್ಕೆ ಬೆನ್ನೆಲುಬಾಗಿ ನಿಂತವರ ಹೆಸರು ಕೇಳಿದರೆ ಅನಂತಪುರದ ಕಡೆಯ ತೆಲುಗು ಓದುಗರ ಕಿವಿ ನಿಮಿರುತ್ತದೆ. ಅವರು ಚಿತ್ತೂರು ಕಡೆಯ ಕಟ್ಟಮಂಚಿ ರಾಮಲಿಂಗಾರೆಡ್ಡಿ, ಸಿ.ಆರ್. ರೆಡ್ಡಿ. ಬುಕ್ಕರಾಯಸಮುದ್ರದ ಕೆರೆಗೆ ಪ್ರಾಣ ಕೊಟ್ಟ ಮುಸಲಮ್ಮನ ಕಥೆಯನ್ನು ತೆಲುಗಿನಲ್ಲಿ ಕಾವ್ಯ ಮಾಡಿದವರು ಇವರೇ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ, ಸಂಸ್ಥಾನದ ವಿದ್ಯಾಇಲಾಖೆಯ ಮುಖ್ಯಸ್ಥರಾದರು. ಆಮೇಲೆ 1926ರಲ್ಲಿ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ತೆಲುಗಿನ ಕವಿಯೊಬ್ಬರು ಕನ್ನಡ ನಾಡಿನ ಹಿಂದುಳಿದವರ ಚಳವಳಿಗೆ ದಾರಿ ತೋರಿದ್ದು ಗಡಿಯ ಶಾಲೆಗಳ ಪಾಠಪುಸ್ತಕದಲ್ಲಿ ಇರಬೇಕಾದ ಮಾತು.

1918ರಲ್ಲಿ ಮಂಡಳಿಯವರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು ಮನವಿ ಕೊಟ್ಟರು. ಅದೇ ವರ್ಷ ಆಗಸ್ಟಿನಲ್ಲಿ ಮಹಾರಾಜರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಆಗ ದಿವಾನರು ಸರ್ ಎಂ. ವಿಶ್ವೇಶ್ವರಯ್ಯ. ಹಿಂದೂಪುರದಿಂದ ಮುದ್ದೇನಹಳ್ಳಿ ದೂರವಲ್ಲ; ಅವರ ವಂಶದ ಹೆಸರು ಮೋಕ್ಷಗುಂಡಂ ಆಂಧ್ರದ ಊರಿನದು. ಕನ್ನಂಬಾಡಿ ಕಟ್ಟಿಸಿದ, ಕಡ್ಡಾಯ ಶಿಕ್ಷಣದ ಕಾಯಿದೆ ತಂದ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ತೆರೆದ ದಿವಾನರು ಜಾತಿಯ ಲೆಕ್ಕದಲ್ಲಿ ಹುದ್ದೆ ಕೊಡುವುದನ್ನು ಒಪ್ಪಲಿಲ್ಲ. ಎಲ್ಲರನ್ನೂ ಓದಿಸಿ, ಸ್ಕಾಲರ್‌ಶಿಪ್ಪು ಬೇಕಾದರೆ ಹೆಚ್ಚು ಕೊಡಿ, ಆದರೆ ಹುದ್ದೆಗೆ ಯೋಗ್ಯತೆಯೇ ಅಳತೆ ಎಂಬುದು ಅವರ ನಿಲುವು. 1918ರ ಡಿಸೆಂಬರಿನಲ್ಲಿ ಅವರು ಹುದ್ದೆ ಬಿಟ್ಟರು. ಇದೊಂದೇ ಕಾರಣವಲ್ಲದಿದ್ದರೂ ಇದು ದೊಡ್ಡ ಕಾರಣ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಅವರ ಜಾಗಕ್ಕೆ ಅರಸು ಸಮುದಾಯದ ಸರ್ ಎಂ. ಕಾಂತರಾಜ ಅರಸರು ಬಂದರು.

ವಿಶ್ವೇಶ್ವರಯ್ಯನವರ ಮಾತನ್ನು ಸ್ವಜಾತಿ ಪ್ರೇಮ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಹಾಗೆಯೇ ಮಂಡಳಿಯವರದು ಬರೀ ಹೊಟ್ಟೆಕಿಚ್ಚು ಎನ್ನುವುದೂ ಸರಿಯಲ್ಲ. ಹತ್ತು ವರ್ಷ ಓದಿಸಿ ಆಮೇಲೆ ಕೇಳಿ ಎನ್ನುವವನಿಗೂ, ಆ ಹತ್ತು ವರ್ಷವೂ ನನ್ನ ಅರ್ಜಿಯ ಮೇಲೆ ಸಹಿ ಹಾಕುವವನು ನೀನೇ ಅಲ್ಲವೇ ಎನ್ನುವವನಿಗೂ ನಡುವಿನ ವಾದ ಅದು.

ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಅದರ ಒಂದು ಮಾತು ಇಂದಿಗೂ ತೂಕದ್ದು. ಆಡಳಿತದ ದಕ್ಷತೆಯನ್ನು ಪರೀಕ್ಷೆಯ ಅಂಕದಿಂದಲೇ ಅಳೆಯಲಾಗದು. ಅನುಕಂಪ, ಪ್ರಾಮಾಣಿಕತೆ, ಚುರುಕುತನ, ವ್ಯವಹಾರ ಜ್ಞಾನ ಇವೂ ಒಳ್ಳೆಯ ಅಧಿಕಾರಿಗೆ ಅಷ್ಟೇ ಬೇಕು ಎಂದು ಅದು ಹೇಳಿತು. 1921ರಲ್ಲಿ ಸರ್ಕಾರ ಇದರ ಮೇಲೆ ಆದೇಶ ಹೊರಡಿಸಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಬ್ರಾಹ್ಮಣರಲ್ಲದವರು ಬರಬೇಕು, ಅದರಲ್ಲೂ ಅರ್ಹರಾದ ದಲಿತ ಅಭ್ಯರ್ಥಿಗಳಿಗೆ ಆದ್ಯತೆ ಇರಬೇಕು ಎಂಬುದು ಅದರ ಸಾರ.

ಇದರಲ್ಲಿ ಒಂದು ಬಿರುಕು ಅಂದೇ ಇತ್ತು. ಬ್ರಾಹ್ಮಣರನ್ನು ಬಿಟ್ಟು ಮಿಕ್ಕವರೆಲ್ಲ ಹಿಂದುಳಿದವರು ಎಂದರೆ ನೂರು ಎಕರೆಯ ಗೌಡನೂ ಹಿಂದುಳಿದವನು, ಅವನ ಹಟ್ಟಿಯಲ್ಲಿ ಕುರಿ ಕಾಯುವವನೂ ಹಿಂದುಳಿದವನು. ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಮುಂದೆ ಹೋಗುವವನು ಯಾರು ಎಂದು ಹೇಳಲು ಸಮಿತಿ ಬೇಕಾಗಿಲ್ಲ. ಆದರೂ ಈ ಚಳವಳಿಯಿಂದಲೇ ಮುಂದಿನ ನಾಯಕರು ಬಂದರು. ಕೋಲಾರ ಜಿಲ್ಲೆಯ ಗಡಿಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಅವರಲ್ಲಿ ಒಬ್ಬರು. 1937ರಲ್ಲಿ ಇವರ ಪಕ್ಷ ಕಾಂಗ್ರೆಸ್ಸಿನಲ್ಲಿ ಸೇರಿಹೋಯಿತು. 1947ರಲ್ಲಿ ಅವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು.

ಹನ್ನೆರಡು ಹುದ್ದೆಯ ಲೆಕ್ಕ

ಇತ್ತ ಹಿಂದೂಪುರ, ಕಲ್ಯಾಣದುರ್ಗಗಳಿಗೆ ಆದೇಶ ಬರುತ್ತಿದ್ದದ್ದು ಮದರಾಸಿನಿಂದ. ಅಲ್ಲಿಯ ಲೆಕ್ಕವನ್ನು 1913ರಲ್ಲಿ ಸರ್ ಅಲೆಗ್ಸಾಂಡರ್ ಕಾರ್ಡ್ಯೂ ಎಂಬ ಬ್ರಿಟಿಷ್ ಅಧಿಕಾರಿ ಪಬ್ಲಿಕ್ ಸರ್ವೀಸಸ್ ಕಮಿಷನ್ ಮುಂದೆ ಇಟ್ಟರು. 1892ರಿಂದ 1904ರವರೆಗೆ ಪ್ರಾಂತೀಯ ಸಿವಿಲ್ ಸರ್ವೀಸ್ ಪರೀಕ್ಷೆಯಲ್ಲಿ ಗೆದ್ದವರು 16 ಮಂದಿ. ಅವರಲ್ಲಿ 15 ಮಂದಿ ಬ್ರಾಹ್ಮಣರು. 140 ಡೆಪ್ಯುಟಿ ಕಲೆಕ್ಟರುಗಳಲ್ಲಿ 77, ಜಿಲ್ಲಾ ಮುನ್ಸೀಫರು 128ರಲ್ಲಿ 93. ಡೆಪ್ಯುಟಿ ಕಲೆಕ್ಟರ್ ಎಂದರೆ ಅನಂತಪುರ ಜಿಲ್ಲೆಯ ರೈತನ ಪಾಲಿಗೆ ಸರ್ಕಾರವೇ.

1916ರ ನವೆಂಬರಿನಲ್ಲಿ ಪಿ. ತ್ಯಾಗರಾಯ ಚೆಟ್ಟಿ, ಟಿ.ಎಂ. ನಾಯರ್ ಮೊದಲಾದವರು ಸೇರಿ ಮುಂದೆ ಜಸ್ಟಿಸ್ ಪಾರ್ಟಿ ಎಂದು ಹೆಸರಾದ ಪಕ್ಷ ಕಟ್ಟಿದರು. ಡಿಸೆಂಬರಿನ ಅವರ ಪ್ರಣಾಳಿಕೆಯಲ್ಲಿ ಈ ಅಂಕಿಗಳೇ ಮುಖ್ಯ ಅಸ್ತ್ರ. 1920ರ ಚುನಾವಣೆಯಲ್ಲಿ ಅಧಿಕಾರಕ್ಕೆ ಬಂದ ಪಕ್ಷ 1921ರಲ್ಲಿ ಕಮ್ಯೂನಲ್ ಜಿ.ಓ. ಹೊರಡಿಸಿತು. ಅದು ಗಟ್ಟಿಯಾಗಿ ಜಾರಿಗೆ ಬಂದದ್ದು 1928ರಲ್ಲಿ, ಎಸ್. ಮುತ್ತಯ್ಯ ಮುದಲಿಯಾರ್ ಮಂತ್ರಿಯಾಗಿದ್ದಾಗ. ಪ್ರತಿ 12 ಹುದ್ದೆಗೆ ಬ್ರಾಹ್ಮಣೇತರ ಹಿಂದೂಗಳಿಗೆ 5, ಬ್ರಾಹ್ಮಣರಿಗೆ 2, ಮುಸ್ಲಿಮರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತರಿಗೆ 2, ದಲಿತರಿಗೆ 1.

ಐದು, ಎರಡು, ಎರಡು. ಟಿ.ವಿ. ಕಥೆಯ ಬೆಂಕಿಯ ಚಕ್ರ ಆರಿದ ಮೇಲೆ ಬಂದ ಹಂಚಿಕೆಗೂ ಇದಕ್ಕೂ ಸಂಬಂಧವೇನೂ ಇಲ್ಲ, ಇದು ಬರೀ ಕಾಕತಾಳೀಯ. ಆದರೆ ಒಂದು ವ್ಯತ್ಯಾಸ ನೋಡಬೇಕು. ಅಲ್ಲಿ ಐದು ಹೋದದ್ದು ಕೈಕೆಲಸದವರಿಗೆ. ಇಲ್ಲಿಯ ಐದರಲ್ಲಿ ರೆಡ್ಡಿ, ಕಮ್ಮ, ಮುದಲಿಯಾರ್, ಕುರುಬ, ಬೋಯ, ಗೊಲ್ಲ, ಮಡಿವಾಳ ಎಲ್ಲರೂ ಒಟ್ಟಿಗೆ. ಮೈಸೂರಿನ ಬಿರುಕೇ ಇಲ್ಲಿಯೂ. ದಲಿತರಿಗೆ ಹನ್ನೆರಡರಲ್ಲಿ ಒಂದೇ. ಆ ಹೊತ್ತಿಗಾಗಲೇ ದಲಿತ ನಾಯಕ ಎಂ.ಸಿ. ರಾಜಾ ಬೇಸತ್ತು 1923ರಲ್ಲಿ ಜಸ್ಟಿಸ್ ಪಾರ್ಟಿ ಬಿಟ್ಟಿದ್ದರು. 1947ರಲ್ಲಿ ಜಿ.ಓ. ಬದಲಾಗಿ ಲೆಕ್ಕ 14ಕ್ಕೆ ಏರಿತು. ಬ್ರಾಹ್ಮಣೇತರ ಹಿಂದೂಗಳಿಗೆ 6, ಅವರಿಂದ ಬೇರೆಯಾಗಿ ಹಿಂದುಳಿದ ಹಿಂದೂಗಳಿಗೆ 2, ಹರಿಜನರಿಗೆ 2, ಬ್ರಾಹ್ಮಣರಿಗೆ 2, ಕ್ರೈಸ್ತರು ಮತ್ತು ಆಂಗ್ಲೋ ಇಂಡಿಯನ್ನರಿಗೆ 1, ಮುಸ್ಲಿಮರಿಗೆ 1. ದೊಡ್ಡ ಜಾತಿಗಳ ನೆರಳಿನಿಂದ ಸಣ್ಣ ಜಾತಿಗಳನ್ನು ಈಚೆಗೆ ತೆಗೆದ ಮೊದಲ ಲೆಕ್ಕಗಳಲ್ಲಿ ಇದೊಂದು.

ಅದು ಹೆಚ್ಚು ದಿನ ಬಾಳಲಿಲ್ಲ. ಸಂವಿಧಾನ ಬಂದ ಮರುವರ್ಷವೇ, 1951ರ ಏಪ್ರಿಲಿನಲ್ಲಿ, ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಲೇಜು ಸೀಟಿಗೆ ಈ ಜಿ.ಓ. ಅನ್ವಯಿಸುವುದನ್ನು ಹೊಡೆದುಹಾಕಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿಯಾಗಿ ಹಿಂದುಳಿದವರಿಗೆ ವಿಶೇಷ ಅವಕಾಶದ 15(4)ನೇ ಕಲಂ ಸೇರಿತು. 1953ರ ಅಕ್ಟೋಬರ್ 1ರಂದು ಅನಂತಪುರ ಜಿಲ್ಲೆ ಮದರಾಸು ಬಿಟ್ಟು ಆಂಧ್ರ ರಾಜ್ಯಕ್ಕೆ ಬಂತು. ಮೈಸೂರಿನಲ್ಲಿ 1962ರಲ್ಲಿ ಮೀಸಲು ನೂರಕ್ಕೆ 68ಕ್ಕೆ ಏರಿದ್ದನ್ನು ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಮೀಸಲು ಒಟ್ಟಾರೆ ಅರ್ಧ ದಾಟಬಾರದು ಎಂಬ ಮಾತು ಅಲ್ಲಿಂದ ಬಂದದ್ದು.

ಎರಡು ಪಟ್ಟಿ

ಆಮೇಲೆ ಎರಡೂ ರಾಜ್ಯಗಳು ತಮ್ಮ ತಮ್ಮ ಪಟ್ಟಿ ಮಾಡಿಕೊಂಡವು. ಗಡಿಯವರ ಗೊಂದಲ ಶುರುವಾಗುವುದು ಇಲ್ಲಿಯೇ. ಆಂಧ್ರದಲ್ಲಿ ಅನಂತರಾಮನ್ ಆಯೋಗದ ವರದಿಯ ಮೇಲೆ 1970ರಲ್ಲಿ ಹಿಂದುಳಿದವರನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಗುಂಪು ಮಾಡಿದರು. ನೂರಕ್ಕೆ ಕ್ರಮವಾಗಿ 7, 10, 1, 7. ಮುಸ್ಲಿಮರ ಕೆಲವು ಪಂಗಡಗಳಿಗೆ 4ರ ಇ ಗುಂಪು ಬಂದದ್ದು 2007ರಲ್ಲಿ. ಕರ್ನಾಟಕದಲ್ಲಿ 1972ರಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಇಂದು ಅಲ್ಲಿರುವುದು ಪ್ರವರ್ಗ-1, 2ಎ, 2ಬಿ, 3ಎ, 3ಬಿ.

ಹೀಗಾಗಿ ಕುರುಬರು ಇಲ್ಲಿ ಬಿ.ಸಿ.-ಬಿ, ಅಲ್ಲಿ 2ಎ. ಗೊಲ್ಲರು ಇಲ್ಲಿ ಬಿ.ಸಿ.-ಡಿ, ಅಲ್ಲಿ ಪ್ರವರ್ಗ-1. ಇವೆರಡರಲ್ಲಿ ಅಂತರ ಅಷ್ಟು ದೊಡ್ಡದಲ್ಲ, ಎರಡೂ ಕಡೆ ಹಿಂದುಳಿದ ವರ್ಗವೇ. ದೊಡ್ಡ ಅಂತರ ಇರುವುದು ಮುಂದಿನವರಲ್ಲಿ. ತಾಂಡಾದ ಸುಗಾಲಿಗಳು ಆಂಧ್ರದಲ್ಲಿ ಪರಿಶಿಷ್ಟ ಪಂಗಡ. ಅದೇ ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಕಲ್ಲು ಒಡೆಯುವ ವಡ್ಡರು ಆಂಧ್ರದಲ್ಲಿ ಬಿ.ಸಿ.-ಎ, ಕರ್ನಾಟಕದಲ್ಲಿ ಭೋವಿ ಎಂಬ ಹೆಸರಿನಲ್ಲಿ ಪರಿಶಿಷ್ಟ ಜಾತಿ. ಇಲ್ಲಿ ಎರುಕುಲ ಎಂದು ಪರಿಶಿಷ್ಟ ಪಂಗಡದಲ್ಲಿರುವವರ ಹತ್ತಿರದ ಬಳಗವಾದ ಕೊರಮ, ಕೊರಚರು ಅಲ್ಲಿ ಪರಿಶಿಷ್ಟ ಜಾತಿ.

ಎಲ್ಲಕ್ಕಿಂತ ಬಿಸಿಯಾದದ್ದು ಬೋಯರ ವಿಷಯ. ಆಂಧ್ರದಲ್ಲಿ ವಾಲ್ಮೀಕಿಗಳು ಪರಿಶಿಷ್ಟ ಪಂಗಡವಾಗಿರುವುದು ವಿಶಾಖಪಟ್ಟಣ, ಗೋದಾವರಿ ಕಡೆಯ ಏಜೆನ್ಸಿ ಪ್ರದೇಶಗಳಲ್ಲಿ ಮಾತ್ರ. ಅನಂತಪುರ, ಕರ್ನೂಲು ಕಡೆಯ ವಾಲ್ಮೀಕಿ ಬೋಯರು ಬಿ.ಸಿ.-ಎ. ಕರ್ನಾಟಕದಲ್ಲಿ ನಾಯಕರ ಜೊತೆ ಬೇಡ, ವಾಲ್ಮೀಕಿ ಹೆಸರುಗಳು 1991ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಕುಂದುರ್ಪಿಯ ಹುಡುಗಿಗೂ ಪಾವಗಡದ ಹುಡುಗನಿಗೂ ದಾರಿ ಬೇರೆಯಾದದ್ದು ಆ ವರ್ಷ. ಸಂಖ್ಯೆಯಲ್ಲಿ ಹೇಳುವುದಾದರೆ, ಹುಡುಗಿ ಸೆಣಸಬೇಕಾದದ್ದು ಹಲವು ಜಾತಿಗಳು ತುಂಬಿರುವ ನೂರಕ್ಕೆ 7ರ ಗುಂಪಿನಲ್ಲಿ. ಹುಡುಗನ ಪಂಗಡದ ಪಾಲನ್ನು ಕರ್ನಾಟಕ ಸರ್ಕಾರ 2022ರಲ್ಲಿ 3ರಿಂದ 7ಕ್ಕೆ ಏರಿಸಿತು. ಅಲ್ಲಿ ಸಿಗುವ ವಯಸ್ಸಿನ ಸಡಿಲಿಕೆ, ಚುನಾವಣೆಯ ಮೀಸಲು ಕ್ಷೇತ್ರ ಇವು ಬೇರೆ.

ಕಲ್ಯಾಣದುರ್ಗದ ಹೆಸರೇ ಬೋಯ ಕಲ್ಯಾಣಪ್ಪ ಎಂಬ ಪಾಳೆಯಗಾರನಿಂದ ಬಂದದ್ದು ಎಂಬುದು ಪ್ರತೀತಿ. ರಾಯದುರ್ಗ, ಚಿತ್ರದುರ್ಗಗಳಲ್ಲೂ ಕೋಟೆ ಆಳಿದವರು ಇದೇ ಬೇಡ ನಾಯಕರು. ಕತ್ತಿ ಹಿಡಿದು ದುರ್ಗ ಕಟ್ಟಿದವರ ಮಕ್ಕಳು ಇಂದು ಆ ದುರ್ಗದ ಕೆಳಗಿನ ಕಚೇರಿಯ ಕುರ್ಚಿಗೆ ಅರ್ಜಿ ಹಾಕುತ್ತಿದ್ದಾರೆ. ಯೋಧ ಜಾತಿಯ ನೆರೂನ್‌ಗೆ ಈ ಸಂಕಟ ಅರ್ಥವಾಗುತ್ತಿತ್ತೋ ಏನೋ.

ಊರಿನ ಕುರ್ಚಿಗಳಲ್ಲೂ ಬದಲಾವಣೆ ಆಗಿದೆ. ವಂಶಪಾರಂಪರ್ಯದ ಕರಣಂ, ಮುನಸಬು ಹುದ್ದೆಗಳನ್ನು ಎನ್.ಟಿ. ರಾಮರಾವ್ ಸರ್ಕಾರ 1984ರಲ್ಲಿ ಒಂದೇ ಏಟಿಗೆ ತೆಗೆದುಹಾಕಿತು. 1985ರಲ್ಲಿ ತಾಲ್ಲೂಕು ಹೋಗಿ ಮಂಡಲ ಬಂತು. ಅದೇ ವರ್ಷ ಅವರು ಹಿಂದೂಪುರದಿಂದ ಗೆದ್ದರು, 1989 ಮತ್ತು 1994ರಲ್ಲೂ ಇಲ್ಲಿಂದಲೇ. ಪಹಣಿಗಾಗಿ ಒಂದೇ ಮನೆಯ ಜಗುಲಿಗೆ ತಲೆಮಾರುಗಟ್ಟಲೆ ಅಲೆದವರಿಗೆ ಅದು ಸಣ್ಣ ಬದಲಾವಣೆಯಲ್ಲ. ಕರಣಂಗಳ ಮನೆಯವರಿಗೂ ಅದು ಸಣ್ಣದಾಗಿರಲಿಲ್ಲ. ಮಾನ್ಯ ಕಳೆದುಕೊಂಡು ಬೆಂಗಳೂರಿನ ದಾರಿ ಹಿಡಿದವರು ಬಹಳ.

ಗಡಿ ದಾಟಿದರೆ

ಹಾಗಾದರೆ ಹುಡುಗಿ ಪಾವಗಡಕ್ಕೆ ಮದುವೆಯಾಗಿ ಹೋದರೆ ಪರಿಶಿಷ್ಟ ಪಂಗಡ ಆಗುತ್ತಾಳೆಯೇ? ಈ ಪ್ರಶ್ನೆ ಮದುವೆಯ ಮಾತುಕತೆಗಳಲ್ಲಿಯೇ ಕೇಳಿಬರುತ್ತದೆ. ಉತ್ತರ, ಇಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿಯನ್ನು ಸಂವಿಧಾನದ 341 ಮತ್ತು 342ನೇ ಕಲಂ ಪ್ರಕಾರ ರಾಜ್ಯವಾರು ಮಾಡಲಾಗಿದೆ. ಜಾತಿ ಬರುವುದು ಹುಟ್ಟಿನಿಂದ, ಗಂಡನಿಂದ ಅಲ್ಲ. ಒಂದು ರಾಜ್ಯದಲ್ಲಿ ಪಟ್ಟಿಯಲ್ಲಿದ್ದವರು ಬೇರೆ ರಾಜ್ಯಕ್ಕೆ ವಲಸೆ ಹೋದರೆ ಅಲ್ಲಿ ಆ ಸೌಲಭ್ಯ ಕೇಳುವಂತಿಲ್ಲ ಎಂದು 1990ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ತೆನಾಲಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಮೆಡಿಕಲ್ ಸೀಟು ಕೇಳಿದ ವಿದ್ಯಾರ್ಥಿಯ ಮೊಕದ್ದಮೆ ಅದು. ರಾಜ್ಯ ಸರ್ಕಾರಗಳ ನೌಕರಿಗೂ ಇದೇ ನಿಯಮವೆಂದು 2018ರಲ್ಲಿ ಇನ್ನೊಂದು ಸಂವಿಧಾನ ಪೀಠ ಮತ್ತೆ ಗಟ್ಟಿಮಾಡಿತು. ಆದ್ದರಿಂದ ಗಡಿಯಾಚೆಯ ನೆಂಟರ ವಿಳಾಸ ಕೊಟ್ಟು ಸರ್ಟಿಫಿಕೇಟು ಮಾಡಿಸಿಕೊಡುತ್ತೇವೆ ಎನ್ನುವ ದಲ್ಲಾಳಿಗಳ ಮಾತಿಗೆ ಕಿವಿಗೊಟ್ಟವರು ಮುಂದೆ ಪರಿಶೀಲನೆಯಲ್ಲಿ ನೌಕರಿಯನ್ನೇ ಕಳೆದುಕೊಳ್ಳಬೇಕಾದೀತು.

ಉಳಿದ ದಾರಿ ಪಟ್ಟಿಯನ್ನೇ ಬದಲಾಯಿಸುವುದು. ಬೋಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಆಂಧ್ರಪ್ರದೇಶ ವಿಧಾನಸಭೆ 2017ರ ಡಿಸೆಂಬರಿನಲ್ಲಿ ಒಮ್ಮೆ, 2023ರ ಮಾರ್ಚಿನಲ್ಲಿ ಮತ್ತೊಮ್ಮೆ ನಿರ್ಣಯ ಮಾಡಿತು. ಎರಡು ಸಲವೂ ಬೇರೆ ಬೇರೆ ಪಕ್ಷದ ಸರ್ಕಾರ. ಎರಡು ಸಲವೂ ಏಜೆನ್ಸಿ ಪ್ರದೇಶದ ಗಿರಿಜನ ಸಂಘಟನೆಗಳು ವಿರೋಧಿಸಿದವು. ಬಯಲುಸೀಮೆಯ ದೊಡ್ಡ ಸಮುದಾಯ ಬಂದು ಸೇರಿದರೆ ರಾಜ್ಯದ ನೂರಕ್ಕೆ 6ರ ಪಾಲಿನಲ್ಲಿ ಕಾಡಿನ ಮಕ್ಕಳಿಗೆ ಏನು ಉಳಿಯುತ್ತದೆ ಎಂಬುದು ಅವರ ಪ್ರಶ್ನೆ. 1918ರಲ್ಲಿ ಮೈಸೂರಿನಲ್ಲಿ ಸಣ್ಣ ಜಾತಿಗಳು ಕೇಳಬೇಕಾಗಿದ್ದ, ಆದರೆ ಕೇಳಲು ಬಾಯಿಲ್ಲದೆ ಹೋದ ಪ್ರಶ್ನೆಯೇ ಇದು. ಬೋಯರ ಉತ್ತರವೂ ಗಟ್ಟಿಯಾದದ್ದೇ. ಮದರಾಸಿನ ಏಜೆನ್ಸಿ ಗಡಿಯನ್ನೂ ಮೈಸೂರಿನ ಗಡಿಯನ್ನೂ ಎಳೆದವರು ನಾವಲ್ಲ, ನಮ್ಮ ಕುಲವನ್ನು ಮೂರು ತುಂಡು ಮಾಡಿದ್ದು ಸರ್ಕಾರದ ಕಾಗದ ಎನ್ನುತ್ತಾರೆ.

ವಿಧಾನಸಭೆಯ ನಿರ್ಣಯ ಕೇಂದ್ರಕ್ಕೆ ಶಿಫಾರಸು ಮಾತ್ರ. 342ನೇ ಕಲಂ ಪ್ರಕಾರ ಪಟ್ಟಿಗೆ ಹೆಸರು ಸೇರಿಸುವುದು, ತೆಗೆಯುವುದು ಸಂಸತ್ತಿನ ಕಾನೂನಿನಿಂದಲೇ ಆಗಬೇಕು. 2022ರ ಏಪ್ರಿಲಿನಲ್ಲಿ ಹಿಂದೂಪುರ, ಮಡಕಶಿರಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆಯ ಗಡಿ ಬದಲಾದದ್ದರಿಂದ ಸರ್ಟಿಫಿಕೇಟಿನ ಮೇಲಿನ ಜಿಲ್ಲೆಯ ಹೆಸರು ಬದಲಾಯಿತು. ಅದರ ಕೆಳಗಿನ ಸಾಲಿನಲ್ಲಿ ಬಿ.ಸಿ.-ಎ ಹಾಗೆಯೇ ಇದೆ.